ಹಲಗೆ ಹೊತ್ತವನ ಫೋಟೊ

2019ರ ಮಾರ್ಚ್ 12, ಮಂಗಳವಾರ. ಬೆಳಿಗ್ಗೆ 9.40ಕ್ಕೆ ಸರೋವರದ ದಂಡೆಯ ಕಿಸುಮು ನಗರದ ಇತಿಹಾಸ ಸಂಗ್ರಹಾಲಯದ ಮೇಲ್ವಿಚಾರಕ ಒದೇರಾ ಠಾಣೆಗೆ ಬಂದು ದೂರು ಕೊಟ್ಟರು. ಎರಡನೇ ಕೋಣೆಯಿಂದ 1957ರ ಒಂದು ಫೋಟೊ ಕಳವಾಗಿತ್ತು. ಕೊರಳಲ್ಲಿ ‘ಕಳ್ಳ’ ಎಂಬ ಹಲಗೆ ತೂಗಿಸಿಕೊಂಡು ಸಂತೆಯ ನಡುವೆ ನಿಂತ ಒಬ್ಬ ಮನುಷ್ಯನ ಚಿತ್ರ ಅದು.

“ಬೆಲೆ?” ಇನ್‌ಸ್ಪೆಕ್ಟರ್ ಓಚೊಲಾ ಕೇಳಿದರು.

“ಮಾರೋಕೆ ಹೋದ್ರೆ ಚಾ ಕಾಸೂ ಹುಟ್ಟಲ್ಲ, ಸಾರ್. ಪಕ್ಕದಲ್ಲೇ ಬೆಳ್ಳಿ ಗಡಿಯಾರ ಇತ್ತು. ಅದನ್ನ ಮುಟ್ಟೇ ಇಲ್ಲ.”

ಎಫ್‌ಐಆರ್ ದಾಖಲಾಯಿತು. 10.30ಕ್ಕೆ ಸ್ಥಳ ಪಂಚನಾಮೆ. ಖಾಲಿ ಚೌಕಟ್ಟು ಗೋಡೆಯಲ್ಲೇ ನೇತಾಡುತ್ತಿತ್ತು. ಹಿಂಬದಿಯ ನಾಲ್ಕು ಮೊಳೆಗಳನ್ನು ಯಾರೋ ಕಿತ್ತು ಎದುರಿನ ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದರು.

“ಕಸುಬಿನ ಕಳ್ಳನ ಕೈಯಲ್ಲ ಸಾರ್ ಇದು,” ಎಂದ ಕಾನ್‌ಸ್ಟೇಬಲ್ ವೆಕೆಸಾ. “ಸಂಸಾರ ಮಾಡಿದ ಕೈ.”

ಕಾವಲುಗಾರ ತಡವರಿಸಿದ. “ನಿನ್ನೆ ಒಬ್ರು ಅಜ್ಜಿ ಆ ಫೋಟೊ ಎದುರಿಗೇ ಒಂದು ಗಂಟೆ ಕೂತಿದ್ರು. ಬಿಸಿಲಿಗೆ ದಣಿದಿದಾರೆ ಅಂತ ಹೊರಗೆ ಹೋಗಿ ನೀರು ತಂದುಕೊಟ್ಟೆ.”

“ಬೇರೆ ಯಾರಾದ್ರೂ ಆ ಫೋಟೊ ನೋಡ್ತಾ ನಿಂತಿದ್ರಾ?”

“ಗುರುವಾರ ಸ್ಕೂಲ್ ಮಕ್ಕಳು ಬಂದಿದ್ರು. ಅದರ ಮುಂದೆ ನಿಂತು ತುಂಬಾ ನಕ್ಕರು.”

ಸಂದರ್ಶಕರ ಪುಸ್ತಕದಲ್ಲಿ ಸೋಮವಾರದ ಪುಟದ ಕೊನೆಗೆ ನಡುಗುವ ಅಕ್ಷರಗಳಲ್ಲಿ, ಮನೆ ನಂಬರಿಲ್ಲದೆ, ಬರೀ ಹೆಸರು ಮತ್ತು ಬಡಾವಣೆ ಇದ್ದವು: ಪಿಲಿಸ್ತಾ, ನ್ಯಾಲೆಂಡಾ.

12.15ಕ್ಕೆ ಓಚೊಲಾ, ವೆಕೆಸಾ ಇಬ್ಬರೂ ಆ ಮಕ್ಕಳ ಶಾಲೆಗೆ ಹೋದರು. ಶಿಕ್ಷಕಿ ಗಾಬರಿಯಾದಳು. “ನಮ್ಮ ಮಕ್ಕಳು ಯಾರೂ ಏನೂ ಮುಟ್ಟಿಲ್ಲ ಸಾರ್. ಲ್ಯಾವೆಂಡರ್ ಅಂತ ಒಬ್ಳು ಚೀಲಾನ ಕೊರಳಿಗೆ ನೇತುಹಾಕ್ಕೊಂಡು ಅವನ ಥರಾನೇ ತಲೆ ತಗ್ಗಿಸಿ ನಿಂತ್ಲು. ಎಲ್ರೂ ನಕ್ರು. ನಾನೂ ನಕ್ಕೆ.”

“ಆಮೇಲೆ?”

“ಮನೇಲೂ ಮಾಡಿ ತೋರಿಸಿದ್ಲಂತೆ. ‘ನಮ್ಮಜ್ಜಿ ನಗಲೇ ಇಲ್ಲ ಮೇಡಂ, ಆ ಫೋಟೊ ಎಲ್ಲಿದೆ ಅಂತ ಕೇಳಿದ್ರು’ ಅಂದ್ಲು.”

“ಅಜ್ಜಿ ಹೆಸರು?”

“ಪಿಲಿಸ್ತಾ.”

ಮೂರು ಗಂಟೆಗೆ ನ್ಯಾಲೆಂಡಾದ ತಗಡಿನ ಮನೆಯ ಮುಂದೆ ಮುದುಕಿ ಸಣ್ಣ ಮೀನು ಒಣಹಾಕುತ್ತಿದ್ದಳು. ಸಮವಸ್ತ್ರ ಕಂಡು ಕೈ ಒರೆಸಿಕೊಂಡಳು.

“ಬನ್ನಿ ಮಕ್ಕಳೇ. ನಿನ್ನೇನೇ ಬರ್ತೀರಿ ಅಂದ್ಕೊಂಡಿದ್ದೆ.”

ಕೇಳುವ ಮೊದಲೇ ಒಳಗಿನಿಂದ ಬಟ್ಟೆಯ ಗಂಟು ತಂದು ಬಿಚ್ಚಿದಳು. ಫೋಟೊಗೆ ಒಂದು ಗೀರೂ ಬಿದ್ದಿರಲಿಲ್ಲ.

“ಇವರು ಯಾರು, ಅಮ್ಮಾ?”

“ನಮ್ಮಪ್ಪ. ರೈಲ್ವೆ ಯಾರ್ಡಿಂದ ಒಂದು ತುಂಡು ತಾಡಪಾಲು ತಂದಿದ್ದ. ಮನೆ ಸೋರ್ತಿತ್ತು, ಅಮ್ಮ ಬಾಣಂತಿ. ಬಿಳಿ ಸಾಹೇಬ ಮೂರು ದಿನ ಸಂತೇಲಿ ನಿಲ್ಲಿಸಿದ. ನಂಗೆ ಏಳು ವರ್ಷ. ಗಂಜಿ ಒಯ್ದಿದ್ದೆ. ‘ನನ್ನ ಮುಖ ನೋಡಬೇಡ, ಹೋಗು’ ಅಂದ. ಜೈಲಿಂದ ವಾಪಸ್ ಬರಲೇ ಇಲ್ಲ.”

“ಸಂಗ್ರಹಾಲಯದವರಿಗೆ ಹೇಳಿದ್ರೆ ತೆಗೀತಿದ್ರಲ್ಲ?”

“ಹೇಳಿದ್ರೆ ಊರಿಗೇ ಗೊತ್ತಾಗ್ತಿತ್ತು. ಅವನು ಸರೋವರದಲ್ಲಿ ಮುಳುಗಿ ಹೋದ ಅಂತ ಮಕ್ಕಳಿಗೆ ಹೇಳಿದೀನಿ.”

“ಹಾಗಾದ್ರೆ ಸುಟ್ಟುಬಿಡಬಹುದಿತ್ತು.”

ಅವಳು ಇನ್‌ಸ್ಪೆಕ್ಟರರನ್ನು ದಿಟ್ಟಿಸಿದಳು. “ಅಪ್ಪನ್ನ ಹೆಂಗಪ್ಪಾ ಸುಡೋದು? ಅವನ ಮುಖ ನಂಗೂ ಮರ್ತೋಗಿತ್ತು. ಅಲ್ಲಿ ಕೂತು ನೋಡ್ದೆ. ನನ್ನ ಮಗ ಥೇಟ್ ಅವನ ಥರಾನೇ ಇದಾನೆ.”

ವೆಕೆಸಾ ಜೀಪಿನ ಬಳಿ ಹೋಗಿ ನಿಂತ. ಓಚೊಲಾ ಫೋಟೊ ವಶಕ್ಕೆ ಪಡೆದು ಪಂಚನಾಮೆ ಬರೆದರು. ಒದೇರಾಗೆ ಫೋನ್ ಮಾಡಿ ವಿಷಯ ತಿಳಿಸಿದರು. ದೂರು ಹಿಂತೆಗೆಯಲು ಆಡಳಿತ ಮಂಡಳಿ ಸೇರಬೇಕು, ಶುಕ್ರವಾರದವರೆಗೆ ಆಗದು ಎಂದು ಒದೇರಾ ಹೇಳಿದರು.

4.10ಕ್ಕೆ ಬಂಧನ. ಬೇಡಿ ಹಾಕಲಿಲ್ಲ. ಜೀಪು ಹತ್ತುವಾಗ ಪಿಲಿಸ್ತಾ ಇನ್‌ಸ್ಪೆಕ್ಟರರ ತೋಳು ಹಿಡಿದಳು.

“ಒಂದು ಉಪಕಾರ ಮಾಡಪ್ಪ. ತಾನು ಯಾರನ್ನ ನೋಡಿ ನಕ್ಕಿದ್ದು ಅಂತ ಆ ಮಗೂಗೆ ಗೊತ್ತಾಗಬಾರದು.”

ಅಷ್ಟರಲ್ಲಿ ಶಾಲೆ ಬಿಟ್ಟು ಲ್ಯಾವೆಂಡರ್ ಓಡಿ ಬಂದಳು. ಪೊಲೀಸರನ್ನು ಕಂಡು ನಿಂತಲ್ಲೇ ನಿಂತಳು. ಓಣಿಯ ಹೆಂಗಸರೆಲ್ಲ ಹೊರಗೆ ಬಂದಿದ್ದರು.

“ಅಜ್ಜೀ, ನೀನು ಕದ್ದೆಯಾ?”

“ಹೂಂ ಮಗಾ, ಕದ್ದೆ. ಮೀನು ಒಳಗಿಡು, ಬೆಕ್ಕು ಬರುತ್ತೆ.”

ಹುಡುಗಿ ಓಚೊಲಾರ ಮುಖ ನೋಡಿದಳು. ಅವರು ಫೋಟೊ ಸುತ್ತಿದ ಬಟ್ಟೆಯನ್ನು ಸೀಟಿನಡಿಗೆ ಸರಿಸಿದರು.

ತಾನು ನಕ್ಕಿದ್ದು ತನ್ನ ಮುತ್ತಜ್ಜನನ್ನು ನೋಡಿ ಎಂದು ಮೊಮ್ಮಗಳಿಗೆ ತಿಳಿಯದಿರಲಿ ಎಂಬ ಒಂದೇ ಕಾರಣಕ್ಕೆ ಆ ಮುದುಕಿ, ಇಡೀ ಓಣಿಯ ಕಣ್ಣೆದುರು, ಜೀಪಿನ ಹಿಂಬದಿಯ ಸೀಟಿನಲ್ಲಿ ತಲೆ ಎತ್ತಿ ಕೂತಳು.