ಕಾರ್ಡಿನೊಳಗಿನ ಅಜ್ಜಿ

ಪರ್... ಪರ್ರ್...

ಕಾಗದ ಹರಿಯುವ ಸದ್ದು. ಚೋಟಿ ಹೊದಿಕೆಯೊಳಗೇ ಕಣ್ಣು ಬಿಟ್ಟಳು. ಬೀದಿಯ ಮನೆಗಳ ದೀಪಗಳೆಲ್ಲ ಆರಿ ಎಷ್ಟೋ ಹೊತ್ತಾಗಿತ್ತು. ಬಟ್ಟೆ ಹೊಲಿಯುವ ಫ್ಯಾಕ್ಟರಿಯಿಂದ ಅಮ್ಮ ಈಗಷ್ಟೇ ಬಂದಿದ್ದಳು. ಚಪ್ಪಲಿಯನ್ನೂ ಬಿಡದೆ ಬಾಗಿಲ ಹತ್ತಿರವೇ ನಿಂತು, ಅಂಚೆಯಲ್ಲಿ ಬಂದಿದ್ದ ಲಕೋಟೆಯನ್ನು ಹರಿಯುತ್ತಿದ್ದಳು.

"ಅಬ್ಬಾ, ಅಂತೂ ಬಂತು ನಿನ್ನ ಗುರುತಿನ ಕಾರ್ಡು!" ಎಂದ ಅಮ್ಮ, ಮರುಕ್ಷಣವೇ "ಅಯ್ಯೋ, ಯಾರೇ ಇದು?" ಎಂದಳು.

ಚೋಟಿ ಎದ್ದು ಓಡಿ ಬಂದಳು. ಕಾರ್ಡಿನಲ್ಲಿ ಅವಳದೇ ಹೆಸರಿತ್ತು. ಅವಳದೇ ವಿಳಾಸ. ವಯಸ್ಸು, ಹತ್ತು. ಫೋಟೋದಲ್ಲಿ ಮಾತ್ರ ಒಬ್ಬ ಅಜ್ಜಿ ತುಟಿ ಬಿಗಿದುಕೊಂಡು ನಗುತ್ತಿದ್ದರು.

"ಶುಕ್ರವಾರ ಬಸ್ ಪಾಸಿಗೆ ಕಡೇ ದಿನ. ಪಾಸಿಲ್ದೆ ಅಷ್ಟು ದೂರದ ಸ್ಕೂಲಿಗೆ ಹೇಗೆ ಹೋಗ್ತೀಯ? ಈ ಕಾರ್ಡ್ ತೋರಿಸಿದ್ರೆ ನಿನ್ನನ್ನ ಬಸ್ ಹತ್ತಿಸ್ತಾರಾ?"

"ಹತ್ತಿಸ್ತಾರಮ್ಮ. ವಯಸ್ಸಾದವ್ರ ಸೀಟಲ್ಲಿ ಕೂರಿಸ್ತಾರೆ."

ಅಮ್ಮನಿಗೆ ನಗು ಬಂತು. ಆದರೆ ನಗಲಿಲ್ಲ. "ತಲೆಹರಟೆ! ಹೋಗು, ಮಲಕ್ಕೋ. ಬೆಳಿಗ್ಗೆ ಆಫೀಸಿಗೆ ಹೋಗೋಣ."

ಚೋಟಿ ಮಲಗಿದಳು. ಕಾರ್ಡನ್ನು ಕೇಳಿ ಇಸಿದುಕೊಂಡು ದಿಂಬಿನ ಪಕ್ಕ ಇಟ್ಟುಕೊಂಡಳು. ಕಿಟಕಿಯಿಂದ ಬಂದ ಬೆಳದಿಂಗಳಲ್ಲಿ ಅಜ್ಜಿಯ ಮುಖ ನೀರಿನೊಳಗಿನ ಬೆಣಚುಕಲ್ಲಿನ ಹಾಗೆ ಕಂಡಿತು. ನಾನು ಮಲಗಿದ್ದಾಗ ಅರವತ್ತು ವರ್ಷ ಕಳೆದುಹೋಯಿತೇನೋ, ಎಂದುಕೊಂಡಳು ಚೋಟಿ. ಮುದುಕಿಯಾದ ನಾನೇ ಅಲ್ಲಿಂದ ಈ ಕಾರ್ಡನ್ನು ಅಂಚೆಗೆ ಹಾಕಿರಬೇಕು. ಮೆಲ್ಲಗೆ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ನುಣುಪಾಗಿಯೇ ಇತ್ತು. ತುಟಿ ಬಿಗಿದು ಅಜ್ಜಿಯ ಹಾಗೆ ನಕ್ಕು ನೋಡಿದಳು. ಸುಲಭವಾಗಿ ಬಂದುಬಿಟ್ಟಿತು.

ಆದರೆ ಅವಳ ಹೊಟ್ಟೆಯೊಳಗೆ ಏನೋ ಕಲ್ಲಿನ ಹಾಗೆ ಕೂತಿತ್ತು. ಏಕೆಂದರೆ ಈ ಅಜ್ಜಿ ಯಾರು ಎಂದು ಅವಳಿಗೆ ಗೊತ್ತಿತ್ತು.

ಹೋದ ತಿಂಗಳು ಕಾರ್ಡಿನ ಫೋಟೋ ತೆಗೆಸಲು ಆಫೀಸಿಗೆ ಹೋಗಿದ್ದಾಗ ಚೋಟಿಯ ಟೋಕನ್ ನಲವತ್ತೇಳು. ಹಿಂದೆ ನಿಂತಿದ್ದ ಈ ಅಜ್ಜಿಯದು ನಲವತ್ತೆಂಟು. "ಜೆರಾಕ್ಸ್ ಮಾಡಿಸ್ಕೊಂಡು ಬರ್ತೀನಿ. ಏನೇ ಆಗ್ಲಿ, ಲೈನ್ ಬಿಟ್ಟು ಕದಲಬೇಡ," ಎಂದು ಹೇಳಿ ಅಮ್ಮ ಹೊರಗೆ ಹೋಗಿದ್ದಳು. ಅಜ್ಜಿಯ ಕಾಲು ನಡುಗುತ್ತಿತ್ತು. ಇಡೀ ಕೋಣೆಗೆ ಇದ್ದದ್ದು ಒಂದೇ ಕುರ್ಚಿ, ಅದೂ ಕ್ಯಾಮೆರಾದ ಎದುರಿಗೆ. "ಅಜ್ಜಿ, ನೀವೇ ಮುಂದೆ ಹೋಗಿ ಕೂತ್ಕೊಳ್ಳಿ," ಎಂದಿದ್ದಳು ಚೋಟಿ. ಕಂಪ್ಯೂಟರಿನ ಮುಂದಿದ್ದವನು ತಲೆ ಎತ್ತಲೇ ಇಲ್ಲ. "ಕಣ್ಣು ಮಿಟುಕಿಸ್ಬೇಡಿ. ಆಯ್ತು. ಮುಂದೆ! ಕಣ್ಣು ಮಿಟುಕಿಸ್ಬೇಡಿ. ಆಯ್ತು. ಮುಂದೆ!"

ಅಷ್ಟೇ ಆಗಿದ್ದು.

ಬೆಳಿಗ್ಗೆ ಆಫೀಸಿನಲ್ಲಿ ಫ್ಯಾನು ತೂಕಡಿಸುತ್ತಾ ತಿರುಗುತ್ತಿತ್ತು. ಕಡತಗಳ ಮೇಲೆ ಕಲ್ಲುಗಳನ್ನು ಇಟ್ಟಿದ್ದರು. ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿ ಕಾರ್ಡನ್ನು ನೋಡಿದರು, ಚೋಟಿಯನ್ನು ನೋಡಿದರು, ಮತ್ತೆ ಕಾರ್ಡನ್ನು ನೋಡಿದರು.

"ಇದು ನೀನಾ?"

"ಇನ್ನೂ ಅಲ್ಲ," ಎಂದಳು ಚೋಟಿ.

ಅಮ್ಮ ಅವಳ ತೋಳು ಚಿವುಟಿದಳು. "ಸರ್, ತಪ್ಪು ನಿಮ್ಮದು. ಬೇಗ ಸರಿ ಮಾಡಿಕೊಡಿ."

"ಮಾಡೋಣಮ್ಮ. ಆದ್ರೆ ಈ ಮುಖ ಯಾರದ್ದು ಅಂತ ಮೊದಲು ಗೊತ್ತಾಗ್ಬೇಕಲ್ಲ? ಅರ್ಜಿ ಕೊಡಿ. ಮೇಲಿನ ಆಫೀಸಿಗೆ ಕಳಿಸ್ತೀವಿ. ಅವ್ರು ಹುಡುಕಿ ಹೇಳೋಕೆ ಮೂರು ತಿಂಗಳು ಹಿಡಿಯತ್ತೆ."

"ಮೂರು ತಿಂಗಳಾ! ಅಷ್ಟು ದಿನ ಇವಳು ಹಾರ್ಕೊಂಡು ಹೋಗ್ತಾಳಾ ಸ್ಕೂಲಿಗೆ?"

ಗುಮಾಸ್ತರು ಅರ್ಜಿಯ ಹಾಳೆ ಮುಂದಕ್ಕೆ ತಳ್ಳಿದರು. ಅಮ್ಮ ಚೀಲ ತಡಕಿ ಪೆನ್ನು ತೆಗೆದಳು.

"ನಂಗೊತ್ತು," ಎಂದಳು ಚೋಟಿ. ದನಿ ಅವಳಿಗೇ ಕೇಳಲಿಲ್ಲ. ಇನ್ನೊಮ್ಮೆ ಹೇಳಿದಳು. "ಅಂಕಲ್, ಆ ಅಜ್ಜಿ ಯಾರು ಅಂತ ನಂಗೊತ್ತು. ಟೋಕನ್ ನಲವತ್ತೆಂಟು. ನಾನೇ ಅವ್ರನ್ನ ಮುಂದೆ ಬಿಟ್ಟೆ. ಅವ್ರ ಕಾಲು ನಡುಗ್ತಿತ್ತು."

ಅಮ್ಮ ಪೆನ್ನು ಕೆಳಗಿಟ್ಟಳು. "ಲೈನ್ ಬಿಟ್ಟು ಕದಲಬೇಡ ಅಂದಿದ್ನಲ್ಲೇ..."

ಆಮೇಲೆ ಯಾಕೋ ಚೋಟಿಯ ಕಾಲರನ್ನು ಎಳೆದು ಸರಿ ಮಾಡಿದಳು.

ಗುಮಾಸ್ತರು ದಪ್ಪ ಪುಸ್ತಕ ತೆಗೆದು ಬೆರಳಿಟ್ಟು ಕೆಳಕ್ಕೆ ಇಳಿದರು. ನಲವತ್ತಾರು... ನಲವತ್ತೇಳು... ನಲವತ್ತೆಂಟು. ಅಲ್ಲಿ ಒಂದು ಫೋನ್ ನಂಬರ್ ಇತ್ತು.

ಗಂಟೆ ಹನ್ನೊಂದಾಗುವ ಹೊತ್ತಿಗೆ ಕೋಲೂರುತ್ತಾ ಅಜ್ಜಿ ಬಂದರು. ಕಾರ್ಡಿನಲ್ಲಿದ್ದ ಮುಖವೇ ಬಾಗಿಲಲ್ಲಿ ನಿಂತಿತ್ತು. ಚೋಟಿಗೆ ಮೈ ಜುಮ್ಮೆಂದಿತು. ನಿಂತರೆ ಅವರೂ ಅವಳಷ್ಟೇ ಎತ್ತರ.

"ಎಲ್ಲಿದಾಳೆ ನನ್ನ ಮುಖದವಳು?" ಎಂದು ಕೇಳುತ್ತಾ ಅಜ್ಜಿ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು. ಒಳಗೆ ಅವರ ಕಾರ್ಡು. ವಯಸ್ಸು, ಎಪ್ಪತ್ತು. ಫೋಟೋದಲ್ಲಿ ಚೋಟಿ, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಕಣ್ಣಿನ ಆಪರೇಷನ್ನಿಗೆ ಹೋದ್ರೆ ವಾಪಸ್ ಕಳಿಸಿಬಿಟ್ರು. ಇದು ಮಗೂದು, ನೀನ್ಯಾರು ಅಂತ ಕೇಳ್ತಾರೆ!" ಎಂದು ಅಜ್ಜಿ ನಕ್ಕರು. "ಅದು ನಾನೇ, ಸ್ವಲ್ಪ ಹಳೇ ಫೋಟೋ ಅಂದೆ. ನಂಬಲಿಲ್ಲ ಬಿಡು."

ಚೋಟಿಗೂ ನಗು ಬಂತು. ಅಜ್ಜಿ ಕಾರ್ಡನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

"ಒಂದು ಮಾತು ಹೇಳ್ಲಾ ಮಗು? ನಿನ್ನ ವಯಸ್ಸಲ್ಲಿ ನಂದು ಯಾರೂ ಒಂದು ಫೋಟೋನೂ ತೆಗೀಲಿಲ್ಲ. ಹೇಗಿದ್ದೆ ಅಂತ ನಂಗೇ ನೆನಪಿಲ್ಲ. ಇದು ಬಂದಾಗ, ಓ, ಹೀಗೇ ಇದ್ದೆ ಅಂದ್ಕೊಂಡೆ. ಎರಡು ಜಡೆ ಇದೆ ಅಲ್ವಾ? ನಂಗೆ ಬರೀ ಮಂಜು ಮಂಜಾಗಿ ಕಾಣತ್ತೆ. ಆಪರೇಷನ್ ಆಗ್ಲಿ, ಆಮೇಲೆ ಸರಿಯಾಗಿ ನೋಡೋಣ ಅಂತ ಇಟ್ಕೊಂಡಿದ್ದೆ."

ಗುಮಾಸ್ತರು ಅವರ ಕೈಯಿಂದ ಕಾರ್ಡನ್ನು ಮೆಲ್ಲಗೆ ತೆಗೆದುಕೊಂಡರು. "ಇಲ್ಲಜ್ಜಿ, ತಪ್ಪು ಕಾರ್ಡನ್ನ ಯಾರ ಹತ್ರಾನೂ ಬಿಡೋ ಹಾಗಿಲ್ಲ. ಕತ್ತರಿಸಿ ಡಬ್ಬಿಗೆ ಹಾಕ್ಬೇಕು. ಈಗ ಕೊಡೋ ಚೀಟಿ ತೋರಿಸಿ, ಬಸ್ ಪಾಸೂ ಕೊಡ್ತಾರೆ, ಆಸ್ಪತ್ರೆಲೂ ಸೇರಿಸ್ಕೊಳ್ತಾರೆ."

"ಸರಿಯಪ್ಪ. ಕತ್ತರಿಸು," ಎಂದರು ಅಜ್ಜಿ. ಖಾಲಿ ಬಟ್ಟೆಯನ್ನು ಹಾಗೇ ಮಡಿಸತೊಡಗಿದರು, ಮತ್ತೆ ಬಿಚ್ಚಿ ಮತ್ತೆ ಮಡಿಸಿದರು.

ಕರಕ್. ಕರಕ್. ಎರಡು ಕಾರ್ಡು ಎಂಟು ತುಂಡಾಗಿ ಮೇಜಿನ ಮೇಲೆ ಬಿದ್ದವು. ಒಂದರಲ್ಲಿ ಚೋಟಿಯ ಮುಖ ಇಡಿಯಾಗಿಯೇ ಉಳಿದಿತ್ತು, ಎರಡು ಜಡೆಯ ಸಮೇತ.

"ಮಗು, ಅದನ್ನೆಲ್ಲ ಬಳಿದು ಆ ಡಬ್ಬಿಗೆ ಹಾಕು," ಎಂದು ಗುಮಾಸ್ತರು ಚೀಟಿ ಬರೆಯಲು ಕೂತರು.

ಚೋಟಿ ತುಂಡುಗಳನ್ನು ಬೊಗಸೆಗೆ ಬಳಿದುಕೊಂಡಳು. ತಗಡಿನ ಡಬ್ಬಿಯ ಮುಂದೆ ನಿಂತು ಒಂದೊಂದಾಗಿ ಹಾಕಿದಳು. ಟಣ್. ಟಣ್. ಟಣ್. ಏಳು ಸಲ ಸದ್ದಾಯಿತು. ಗುಮಾಸ್ತರ ಪೆನ್ನು ಒಂದು ಗಳಿಗೆ ನಿಂತಿತು. ಅವರು ತಲೆ ಎತ್ತಲಿಲ್ಲ. ಮತ್ತೆ ಬರೆಯತೊಡಗಿದರು.

ಹೊರಗೆ ಮೆಟ್ಟಿಲ ಹತ್ತಿರ ಚೋಟಿ ಅಜ್ಜಿಯ ಕೈ ಹಿಡಿದುಕೊಂಡಳು. ಅದು ಒಣಗಿದ ಎಲೆಯ ಹಾಗೆ ಹಗುರವಾಗಿತ್ತು. ಕೊನೆಯ ಮೆಟ್ಟಿಲಿಳಿದಾಗ ಆ ಅಂಗೈಯಲ್ಲಿ ಏನನ್ನೋ ಇಟ್ಟು ಬೆರಳುಗಳನ್ನು ಮಡಿಸಿದಳು.

"ಏನೇ ಇದು?"

"ಕಣ್ಣು ಸರಿ ಹೋದ್ಮೇಲೆ ನೋಡಿ ಅಜ್ಜಿ."

ಅಜ್ಜಿ ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿ ನೋಡಿದರು. ತುಟಿ ಬಿಗಿದುಕೊಂಡು ನಕ್ಕರು. ಬಟ್ಟೆಯ ಗಂಟು ಮತ್ತೆ ಬಿಚ್ಚಿಕೊಂಡಿತು, ಮತ್ತೆ ಕಟ್ಟಿಕೊಂಡಿತು.

ಅಮ್ಮ ಚೀಟಿ ಹಿಡಿದು ಇಳಿದು ಬಂದಳು. "ಏನಂದ್ರು ಅಜ್ಜಿ?"

"ಏನಿಲ್ಲಮ್ಮ. ಬಾಯ್ ಅಂದ್ರು."

ಬಿಸಿಲಿನಲ್ಲಿ ಬೀದಿ ಅಲುಗಾಡುತ್ತಿತ್ತು. ದೂರದಲ್ಲಿ ಅಜ್ಜಿ ಚಿಕ್ಕದಾಗುತ್ತಾ ಹೋದರು. ಎಷ್ಟು ಚಿಕ್ಕದೆಂದರೆ, ಯಾರೋ ಹತ್ತು ವರ್ಷದ ಹುಡುಗಿ ನಡೆದು ಹೋಗುತ್ತಿರುವ ಹಾಗೆ. ಟೋಕನ್ನಿನ ಗುಟ್ಟು ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು. ಈ ಗುಟ್ಟು ಹಾಗಿರಲಿಲ್ಲ. ಇದಕ್ಕೆ ಒಂದಿಷ್ಟೂ ಭಾರವಿರಲಿಲ್ಲ.

ಇದನ್ನು ಯಾರಿಗೂ ಹೇಳಬಾರದು ಎಂದುಕೊಂಡಳು ಚೋಟಿ. ಬಸ್ಸಿನಲ್ಲಿ ಪಕ್ಕದಲ್ಲಿ ಕೂರುವ ಗೆಳತಿಗೂ ಹೇಳಬಾರದು. ಅಮ್ಮನಿಗೂ.