ಸೈರನ್ ಕೂಗಿದ ಸಂಜೆ

"ಇವತ್ತು ಯಾಕೆ ಇಷ್ಟೊಂದು ನಗು?" ಯಾರೆಕ್ ಕಣ್ಣು ಕಿರಿದು ಮಾಡಿ ಕೆಣಕಿದ.

"ನಿಮ್ಮಜ್ಜಿಗೆ ನಾನು ಹಿಡಿಸ್ಬೇಕಲ್ಲಪ್ಪಾ!" ಎಂದಳು ಒಲೆಸ್ಯಾ.

ನಗದಿದ್ದರೆ ತನ್ನ ಎದೆಯ ಡವಡವ ಅವನಿಗೆ ಕೇಳಿಸಿಬಿಟ್ಟೀತೆಂಬ ಹೆದರಿಕೆ ಅವಳಿಗೆ. ಬಾಂಬು ಬೀಳುತ್ತಿದ್ದ ಉಕ್ರೇನಿನ ಖಾರ್ಕಿವ್‌ನಲ್ಲಿ ಅಡಗಿದ್ದ ನೆಲಮಾಳಿಗೆ ಬಿಟ್ಟು ಪೋಲೆಂಡಿನ ವಾರ್ಸಾಗೆ ಬಂದ ಮೇಲೂ ಬಾಗಿಲು ದಢಾರೆಂದರೆ ಸಾಕು, ಕೈಕಾಲು ತಣ್ಣಗಾಗುತ್ತಿದ್ದವು. ಯಾರೆಕ್‌ಗೆ ಇದನ್ನು ಹೇಳಿರಲಿಲ್ಲ. ಗೊತ್ತಾದರೆ ಪ್ರೀತಿ ಎದ್ದು ಹೋಗಿ 'ಅಯ್ಯೋ ಪಾಪ' ಬಂದು ಕೂರುತ್ತದೆ. ಕನಿಕರಪಡುವವರು ಊರ ತುಂಬ ಇದ್ದರು. ಅವಳನ್ನು ಕೆಣಕಿ ನಗುವವನು ಇವನೊಬ್ಬನೇ.

ಅಂದು ಆಗಸ್ಟ್ ಒಂದು. ಪಾರ್ಕಿನಲ್ಲಿ, ನಾಜಿಗಳ ವಿರುದ್ಧ ದಂಗೆಯೆದ್ದು ಸತ್ತವರ ಸ್ಮಾರಕದ ಬುಡದಲ್ಲಿ, ಕೆಂಪು ಗಾಜಿನ ದೀಪಗಳು ಉರಿಯುತ್ತಿದ್ದವು. ಯಾರೆಕ್‌ನ ಅಜ್ಜಿ ವಾಂದಾ ಕೋಲೂರಿ ನಿಂತು, ಕಲ್ಲಿನಲ್ಲಿ ಕೊರೆದ ಅಣ್ಣನ ಹೆಸರನ್ನು ಸವರುತ್ತಿದ್ದರು.

"ದಂಗೆ ಶುರುವಾದ ಹೊತ್ತಿಗೆ, ಸರಿಯಾಗಿ ಐದಕ್ಕೆ, ಎಲ್ಲರೂ ಒಂದು ನಿಮಿಷ ಅಲ್ಲಾಡದೆ ನಿಲ್ತೀವಿ, ಅಷ್ಟೇ," ಎಂದಿದ್ದ ಯಾರೆಕ್. ಸೈರನ್ನಿನ ಮಾತೇ ಎತ್ತಿರಲಿಲ್ಲ. ಹುಟ್ಟಿದಾಗಿನಿಂದ ಕೇಳುತ್ತ ಬೆಳೆದವನಿಗೆ ಅದು ಹೇಳಬೇಕಾದ ಸಂಗತಿ ಅನ್ನಿಸಿಯೇ ಇರಲಿಲ್ಲ.

ಐದಾಯಿತು. ಊರಿಗೆ ಊರೇ ಕೂಗಿತು.

ಒಲೆಸ್ಯಾಗೆ ಯೋಚಿಸಲು ಪುರುಸೊತ್ತೆಲ್ಲಿ? ಕೈಲಿದ್ದ ಚೆರಿ ಹಣ್ಣು ಚೆಲ್ಲಿ, ಬೆಂಚಿನ ಕೆಳಗೆ ನುಗ್ಗಿ ಕಿವಿ ಮುಚ್ಚಿಕೊಂಡಳು. ಸುತ್ತ ಅಷ್ಟೊಂದು ಕಾಲುಗಳು, ಒಂದೂ ಓಡುತ್ತಿಲ್ಲ. ಯಾಕೆ ಓಡುತ್ತಿಲ್ಲ ಇವರು? ಯಾರೆಕ್‌ನ ಬೂಟೂ ಅಲ್ಲಾಡಲಿಲ್ಲ. ಮುಗೀತು, ನೋಡಿಬಿಟ್ಟ, ಇನ್ನು ನಾನು ಬರೀ ಪಾಪದ ಹುಡುಗಿ ಎಂದು ಆ ಭಯದ ನಡುವೆಯೂ ಅವಳಿಗೆ ಅಳು ಬಂತು.

ಆಗ ಬೂಟು ಕದಲಿತು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಯಾರೆಕ್ ಮಣ್ಣಿನಲ್ಲಿ ಬೋರಲು ಮಲಗಿ, ತೆವಳಿಕೊಂಡು ಅವಳ ಪಕ್ಕಕ್ಕೆ ಬಂದ. ಕಿವಿ ಮುಚ್ಚಿದ ಅವಳ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟ.

ಸೈರನ್ ನಿಂತದ್ದೇ ತಡ, ಹಿಂದಿನಿಂದ ಯಾರೋ ಒಬ್ಬ ಗದರಿದ. "ಸತ್ತವರಿಗೋಸ್ಕರ ಒಂದು ನಿಮಿಷ ನಿಲ್ಲೋಕಾಗಲ್ವೇನ್ರೀ? ನಾಚಿಕೆ ಆಗಲ್ವಾ?"

"ನೀನು ಸುಮ್ನಿರಪ್ಪಾ," ವಾಂದಾ ಅಜ್ಜಿ ಕೋಲು ಕುಟ್ಟಿದರು. "ಅವತ್ತು ದಂಗೆ ಆದಾಗ ಇಲ್ಲಿ ನಾನಿದ್ದೆ, ನೀನಿರ್ಲಿಲ್ಲ. ಯಾರೂ ನಿಂತಿರ್ಲಿಲ್ಲ ಕಣಯ್ಯಾ. ಎಲ್ರೂ ಹೀಗೇ ನೆಲಕ್ಕೆ ಬಿದ್ದಿದ್ವಿ."



ಬೆಂಚಿನ ಕೆಳಗೆ ಯಾರೆಕ್ ಪಿಸುಗುಟ್ಟಿದ. "ತಪ್ಪಾಯ್ತು ಕಣೇ. ಸೈರನ್ ಕೂಗುತ್ತೆ ಅಂತ ಮೊದಲೇ ಹೇಳ್ಬೇಕಿತ್ತು."

"ನೋಡಿದ್ಯಲ್ಲ. ನಂಗೆ ದಿನಾ ಹೀಗೇ ಭಯ. ಪಾಪ ಅನ್ನು, ಎದ್ದು ಹೋಗು."

"ಪಾಪ ಅಂತೆ! ನಿನ್ನ ಪ್ರೀತಿಸ್ತೀನಿ ಅಂತ ಹೇಳೋಕೆ ಇಷ್ಟು ದಿನದಿಂದ ಹೆದರಿ ಸಾಯ್ತಿದೀನಿ. ನಂಗ್ಯಾರು ಪಾಪ ಅಂತಾರೆ?"

ಒಲೆಸ್ಯಾ ತಲೆಯೆತ್ತಿದಳು. ಅವನ ಮೂಗಿನ ತುದಿಯಲ್ಲಿ ಮಣ್ಣು ಮೆತ್ತಿತ್ತು.

"ಈಗ ಹೇಳ್ಬಿಟ್ಯಲ್ಲೋ."

"ಹೌದಲ್ವಾ? ಅಯ್ಯಯ್ಯೋ, ಇನ್ನೂ ಭಯ ಆಗ್ತಿದೆ."

"ನಂಗೂ," ಎಂದು ಒಲೆಸ್ಯಾ ನಡುಗುತ್ತಿದ್ದ ಕೈಯನ್ನು ಬಚ್ಚಿಡದೆ ಹಾಗೇ ಅವನಿಗೆ ಕೊಟ್ಟಳು.