ಹಗಲಲ್ಲೇ ಮಗುಚಿದ ಕಾಯಿಲಿ

ತಾರವ್ವ ಮೂರು ದಿನದಿಂದ ಖಡಕ್ ರೊಟ್ಟಿ ಬಡಿಯುತ್ತಿದ್ದಾಳೆ ಎಂಬ ಸುದ್ದಿ ದಿಗ್ಗೇವಾಡಿಯ ಮೇಲೋಣಿ ಮುಟ್ಟುವಷ್ಟರಲ್ಲಿ ಆಕೆಯ ಲಗ್ನವೇ ನಿಕ್ಕಿಯಾಗಿಬಿಟ್ಟಿತ್ತು. ಮನೆ ತುಂಬ ರೊಟ್ಟಿ ಒಣಗುತ್ತಿವೆ, ಶೇಂಗಾ ಚಟ್ನಿ ಕುಟ್ಟುವ ಸದ್ದು ಓಣಿಗೆಲ್ಲ ಕೇಳುತ್ತಿದೆ, ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾರೆ. ಆಷಾಢ ಮುಗಿದ ಕೂಡಲೇ ಅಕ್ಷತೆ ಬೀಳುತ್ತದೆ ಎನ್ನಲು ಊರಿಗೆ ಇನ್ನೇನು ಬೇಕು? ಗಂಡು ಮಂಗಸೂಳಿಯವನಂತೆ ಎಂದು ಒಬ್ಬಳು ಹೇಳಿದರೆ, ಅವನಿಗೆ ಎರಡು ಜೋಡಿ ಎತ್ತುಗಳಿವೆಯಂತೆ ಎಂದು ಇನ್ನೊಬ್ಬಳು ಸೇರಿಸಿದಳು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು!

ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮುರಗೆಪ್ಪ ತನ್ನ ಎಂ-ಏಟಿ ಗಾಡಿಯನ್ನು ಕೆಸರಿನಲ್ಲಿ ಜಾರಿಸುತ್ತ ಹೊಳೆದಂಡೆಯ ಆ ಮನೆಗೆ ಬಂದ. ಮೇಲೋಣಿಯ ರಾವಸಾಹೇಬರ ಒಬ್ಬನೇ ಮಗ ಅವನು. ಕಬ್ಬಿನ ಹೊಲ, ಬೆಲ್ಲದ ಗಾಣ, ಟ್ರ್ಯಾಕ್ಟರ್ ಎಲ್ಲ ಇದ್ದವನು. ಧೈರ್ಯವೊಂದು ಮಾತ್ರ ಕಡಿಮೆ. ಎರಡು ವರ್ಷದಿಂದ ತಾರವ್ವ ಎಮ್ಮೆ ಹೊಡೆದುಕೊಂಡು ಹೋಗುವಾಗ ಕಬ್ಬಿನ ಮರೆಯಿಂದ ಕದ್ದು ನೋಡುತ್ತಿದ್ದ. ಯಾರಾದರೂ ಬಂದರೆ ಹುಲ್ಲು ಕೀಳುವವನಂತೆ ಬಗ್ಗಿಬಿಡುತ್ತಿದ್ದ. ತಾರವ್ವನಿಗೆ ಅವನೆಂದರೆ ಜೀವ. ಆದರೆ ಅವನು ಹಾಗೆ ಬಗ್ಗುವುದನ್ನು ಕಂಡರೆ ಮೈ ಉರಿಯುತ್ತಿತ್ತು.

"ಲಗ್ನ ಯಾವಾಗ?" ಗಾಡಿ ನಿಲ್ಲಿಸುವ ಮೊದಲೇ ಕೇಳಿದ.

ತಾರವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಯಾರದ್ರಿ?"

"ನಿಂದ."

"ಹೌದೇನ್ರಿ? ನನಗ ಯಾರೂ ಹೇಳೇ ಇಲ್ಲ ನೋಡ್ರಿ."

"ಚ್ಯಾಷ್ಟಿ ಮಾಡಬ್ಯಾಡ ತಾರಾ. ಇಷ್ಟ ರೊಟ್ಟಿ ಯಾರ ಸಲುವಾಗಿ?"

"ಹೊಳಿ ಬರತೈತಿ. ಅದರ ಸಲುವಾಗಿ."

ಒಳಗೆ ಹಾಸಿಗೆಯಲ್ಲಿದ್ದ ಆಕೆಯ ಆಯಿ ಮಲಕವ್ವ ಗೊಳ್ಳೆಂದು ನಕ್ಕಳು. ಸೊಂಟ ಮುರಿದು ವರ್ಷವಾಗಿದ್ದರೂ ಅಜ್ಜಿಯ ಕಿವಿ ಚುರುಕಾಗಿತ್ತು. "ತಮ್ಮಾ, ಅಕಿಗೆ ಇನ್ನಾ ಯಾವ ಗಂಡೂ ಗೊತ್ತಾಗಿಲ್ಲ. ಉಸುರ ಬಿಡು. ಚಾ ಕುಡದ ಹೋಗು."

ಮುರಗೆಪ್ಪನ ಕಿವಿ ಕೆಂಪಗಾದವು. ತಾರವ್ವನ ಕೆನ್ನೆಗೆ ಹತ್ತಿದ್ದ ಜೋಳದ ಹಿಟ್ಟನ್ನು ನೋಡಿದ. ತಾನು ನೋಡಿದ್ದು ಅವಳಿಗೆ ಗೊತ್ತಾಯಿತೆಂದು ಗಡಬಡಿಸಿ ಒಲೆ ನೋಡಿದ. ಒಲೆಯಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಮತ್ತೆ ಕೆನ್ನೆಗೇ ಬಂದ. ತಾರವ್ವ ಹಿಟ್ಟು ಒರೆಸಿಕೊಳ್ಳಲಿಲ್ಲ. ನೋಡಲಿ ಎಂದೇ ಬಿಟ್ಟಳು.

ಮಿರಜ್ ಬಸ್ಸಿನ ಕಂಡಕ್ಟರ್ ಹೇಳಿ ಹೋಗಿದ್ದ, ಘಟ್ಟದ ಕಡೆ ಎಂಟು ದಿನದಿಂದ ಮಳೆ ಹಿಡಿದು ಹೊಡೆಯುತ್ತಿದೆ ಎಂದು. ಆದರೂ ಕೆಳಗಿನ ಓಣಿಯಲ್ಲಿ ಯಾರೂ ಒಂದು ಕೊಡ ಸಹ ಅಲುಗಿಸಿರಲಿಲ್ಲ. ಹಿರಿಯರ ನೇಮ ಹಾಗಿತ್ತು. ಮುಂಚೆಯೇ ಗಂಟುಮೂಟೆ ಕಟ್ಟಿದರೆ ಹೊಳೆವ್ವನನ್ನು ಕೈಮಾಡಿ ಕರೆದಂತೆ. ನೀರು ಹೊಸ್ತಿಲು ಮುಟ್ಟಿದ ಮೇಲೆ ಉಡಿ ತುಂಬಬೇಕು, ಆಗ ಅವಳು ತವರಿಗೆ ಬಂದ ಮಗಳಂತೆ ತೃಪ್ತಿಯಾಗಿ ಹಿಂದಿರುಗುತ್ತಾಳೆ. ತಾರವ್ವನ ಅಪ್ಪ ಗಂಗಾರಾಮನೂ ಇದನ್ನೇ ನಂಬಿದ್ದ. ನಾಲ್ಕು ವರ್ಷದ ಹಿಂದೆ ಬೇಗ ಹೊರಡೋಣವೆಂದ ಮಗಳ ಮಾತು ಕೇಳದೆ ಉಡಿ ತುಂಬಿದ್ದ, ಆದರೂ ಹೊಳೆವ್ವ ಹಿಂದಿರುಗಿರಲಿಲ್ಲ. ಕಣ್ಣಿ ಬಿಚ್ಚಲಾಗದೆ ಎರಡು ಎಮ್ಮೆ ಗೂಟದಲ್ಲೇ ಸತ್ತವು. ಆಯಿ ಎರಡು ದಿನ ಮನೆಯ ತಗಡಿನ ಪತ್ರಾದ ಮೇಲೆ ಮಳೆಯಲ್ಲಿ ಕೂತಿದ್ದಳು.

ಈ ಸಲ ತಾರವ್ವ ಯಾರ ಮಾತೂ ಕೇಳಲಿಲ್ಲ. ಜೋಳದ ಚೀಲ ಅಟ್ಟ ಸೇರಿದ್ದವು. ಒಂದೇ ಜಗ್ಗಿಗೆ ಬಿಚ್ಚುವಂತೆ ದನಗಳ ಕಣ್ಣಿ ಹಗ್ಗಕ್ಕೆಲ್ಲ ಸುರಗಂಟು ಹಾಕಿದ್ದಳು. ಕಡ್ಡಿಪೆಟ್ಟಿಗೆ, ಹೊಲದ ಉತಾರದ ಕಾಗದ ಪ್ಲಾಸ್ಟಿಕ್ ಚೀಲದಲ್ಲಿದ್ದವು. ಉಳಿದದ್ದು ಒಂದೇ. ನಡೆಯಲಾರದ ಆಯಿಯನ್ನು ಒಯ್ಯುವುದು ಹೇಗೆ?

"ನಿಮ್ಮ ಕಾಯಿಲಿ ಬೇಕ್ರಿ," ಎಂದಳು.

ಕಬ್ಬಿನ ಹಾಲು ಕಾಯಿಸುವ ಆ ಅಗಲವಾದ ಕಬ್ಬಿಣದ ಕಾಯಿಲಿಯೇ ನೆರೆ ಬಂದಾಗ ಊರಿಗೆ ದೋಣಿ. ಆದರೆ ಹಂಗಾಮು ಮುಗಿದ ಮೇಲೆ ಅದಕ್ಕೆ ಎಣ್ಣೆ ಸವರಿ ಬೋರಲು ಹಾಕಿದರೆ, ದೀಪಾವಳಿ ಪೂಜೆಯ ತನಕ ಯಾರೂ ಮಗುಚುವಂತಿಲ್ಲ. ನೆರೆ ಬಂದರೂ, ನೀರು ಮನೆ ಹೊಕ್ಕ ಮೇಲೆಯೇ ರಾವಸಾಹೇಬರು ಕಾಯಿ ಒಡೆದು ಮಗುಚಿಸಬೇಕು.

"ಅಪ್ಪ ಒಪ್ಪಂಗಿಲ್ಲ ತಾರಾ."

"ನಾ ನಿಮ್ಮಪ್ಪಾರನ್ನ ಕೇಳಾಕತ್ತಿಲ್ಲ."

ಮುರಗೆಪ್ಪ ದನಿ ತಗ್ಗಿಸಿದ. "ಹಂಗಾರ ರಾತ್ರಿ ತರತೀನಿ. ಯಾರಿಗೂ ಗೊತ್ತಾಗದಂಗ."

ತಾರವ್ವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತಳು. "ಕದ್ದು ತಂದ ಕಾಯಿಲಿ ನನಗ ಬ್ಯಾಡ. ಕದ್ದು ನೋಡೋ ಗಂಡಸೂ ಬ್ಯಾಡ. ತರೋದಿದ್ರ ಹಗಲ ತರ್ರಿ, ಊರ ಮುಂದ. ಇಲ್ಲಂದ್ರ ಆ ಮಂಗಸೂಳಿ ಗಂಡನ್ನ ನಾನ ಹುಡುಕ್ಕೊಂತೀನಿ."

ಅವನು ಚಹಾ ಕುಡಿಯದೆ ಹೋದ. ತಾರವ್ವ ಒಲೆ ಮುಂದೆ ಕೂತು ಅತ್ತಳು. ಅಂದದ್ದು ತಪ್ಪೆಂದು ಅಲ್ಲ, ಅವನು ಬರಲಿಕ್ಕಿಲ್ಲ ಎಂದು.

"ಅಳಬ್ಯಾಡ ಬೇ," ಒಳಗಿನಿಂದ ಆಯಿ ಅಂದಳು. "ಬಂದ್ರ ಗಂಡಸ. ಬರದಿದ್ರ ಪೀಡಾ ಹೋತು."

ಮರುದಿನ ಹತ್ತರ ಹೊತ್ತಿಗೆ ಊರೆಲ್ಲ ಬಾಗಿಲಿಗೆ ಬಂತು. ಮುರಗೆಪ್ಪ ಟ್ರ್ಯಾಕ್ಟರಿಗೆ ಸರಪಳಿ ಬಿಗಿದು ಕಾಯಿಲಿಯನ್ನು ನಡು ಓಣಿಯಲ್ಲಿ ಎಳೆದು ತರುತ್ತಿದ್ದ. ಕಬ್ಬಿಣ ಕಲ್ಲಿಗೆ ತಿಕ್ಕಿ ಕಿವಿ ಹರಿಯುವಂತೆ ಕಿರುಚುತ್ತಿತ್ತು. ಹಿಂದೆ ರಾವಸಾಹೇಬರು ಕೊಡೆ ಹಿಡಿದು, ಧೋತರ ಎತ್ತಿಕೊಂಡು ಬೈಯುತ್ತ ಬರುತ್ತಿದ್ದರು.

"ಪೂಜಿ ಆಗದ ಮಗಚೀದೇನಲೇ? ಮನಿತನ ಹಾಳ ಮಾಡಾಕ ಹುಟ್ಟೀದಿ?"

ಮುರಗೆಪ್ಪ ತಾರವ್ವನ ಅಂಗಳದ ಬೇವಿನ ಮರಕ್ಕೆ ಕಾಯಿಲಿ ಕಟ್ಟಿದ. ಗಂಟನ್ನು ಎರಡೆರಡು ಸಲ ಬಿಗಿದು ಅಪ್ಪನ ಕಡೆ ತಿರುಗಿದ. ತಾರವ್ವ ಅದನ್ನು ಕಂಡಳು, ಕಂಡು ಪ್ರೀತಿ ಉಕ್ಕಿತು.

"ನೀರ ಹೊಕ್ಕ ಮ್ಯಾಲ ಮಗಚಿದ್ರ ಹೆಣಾ ಹೊರಾಕ ಬರತೈತ್ರಿ ಅಪ್ಪಾ," ಎಂದ. "ಜೀವಾ ಉಳಸಾಕ ಮೊದಲ ಮಗಚಬೇಕ."

"ಯಾರ ಜೀವಾ? ಆ ಹುಡುಗೀದೇನು?"

ಮುರಗೆಪ್ಪ ಈ ಸಲ ಬಗ್ಗಲಿಲ್ಲ. "ಹೌದ್ರಿ. ಅಕೀದೂ."

ಮೂರನೆಯ ದಿನ ಮಧ್ಯಾಹ್ನ ಹೊಳೆ ಬಂತು. ಮೊದಲು ಕಬ್ಬು ಮುಳುಗಿತು, ಆಮೇಲೆ ಹಾದಿ. ಎಮ್ಮೆಗಳನ್ನು ತಾರವ್ವ ಬೆಳಿಗ್ಗೆಯೇ ದಿಬ್ಬಕ್ಕೆ ಹೊಡೆದಿದ್ದಳು. ಮುರಗೆಪ್ಪ ಆಯಿಯನ್ನು ಎತ್ತಿ ತಂದು ಕಾಯಿಲಿಯಲ್ಲಿ ಕೂರಿಸಿದ. ನೀರು ಹೊಸ್ತಿಲು ಮುಟ್ಟುವ ತನಕ ಆಯಿಯನ್ನು ಕದಲಿಸಗೊಡದ ಗಂಗಾರಾಮ ಮಾತ್ರ ಹಸಿರು ಖಣ, ತೆಂಗಿನಕಾಯಿ ಹಿಡಿದು ಹೊಸ್ತಿಲಲ್ಲಿ ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದ.

"ತುಂಬಪ್ಪಾ ಉಡಿ, ನಾ ಬ್ಯಾಡನ್ನಂಗಿಲ್ಲ," ಎಂದಳು ತಾರವ್ವ. "ತುಂಬಿ ಹತ್ತು."

ಅವನು ನೀರಿಗೆ ಉಡಿ ತುಂಬಿ ಕೈಮುಗಿದು, ಮಗಳ ಮುಖ ನೋಡಲಾರದೆ ಹತ್ತಿ ಕೂತ. ಕೂತ ಮೇಲೆ ಮೆಲ್ಲಗೆ, "ಹೋದ ಸಲಾನೂ ನಿನ್ನ ಮಾತ ಕೇಳಬೇಕಾಗಿತ್ತವ್ವಾ," ಎಂದ.

ಮುರಗೆಪ್ಪ ಬಿದಿರಿನ ಗಳ ಊರಿದ. ಕಾಯಿಲಿ ಮುಂದಕ್ಕೆ ಹೋಗುವ ಬದಲು ಗರಗರ ತಿರುಗಿತು.

"ಈಸ ಬರತೈತೇನ್ರಿ ನಿಮಗ?" ತಾರವ್ವ ಅಂಚು ಹಿಡಿದು ಕೇಳಿದಳು.

"ಇಲ್ಲ."

"ಮತ್ತ ಯಾವ ಧೈರ್ಯದ ಮ್ಯಾಲ ಹತ್ತೀರಿ?"

"ನಿನಗ ಬರತೈತೆಲ್ಲ."

ಆಯಿ ನಕ್ಕು ಕೆಮ್ಮಿದಳು. ಸುತ್ತ ಕೆಂಪು ನೀರು ಹೊರಳುತ್ತಿತ್ತು, ಹೆದರಿಕೆಯಾಗುವಷ್ಟು ಇತ್ತು. ಆದರೂ ತಾರವ್ವನಿಗೆ ಹುಟ್ಟಿದಾಗಿನಿಂದ ಅಂಥ ಸುಖ ಎಂದೂ ಆಗಿರಲಿಲ್ಲ. ಅಪ್ಪ, ಆಯಿ ಇಬ್ಬರ ಎದುರೇ ಮುರಗೆಪ್ಪ ಅವಳನ್ನೇ ನೋಡುತ್ತಿದ್ದ. ಕಣ್ಣು ತೆಗೆಯಲಿಲ್ಲ.

"ನಿನ್ನ ಮ್ಯಾಲ ಜೀವ ಇಟ್ಟೀನಿ ತಾರಾ. ಎಲ್ಲಾರಿಗೂ ಕೇಳಲಿ."

"ಕೇಳೇತಿ," ಎಂದಳು ಆಯಿ. "ಈಗ ಗಳಾ ಹಾಕು."

ದಿಬ್ಬದ ಮೇಲೆ ಊರೇ ನೆರೆದಿತ್ತು. ಎಲ್ಲರ ಮುಂದೆ ರಾವಸಾಹೇಬರು. ಜನ ಆಯಿಯನ್ನು ಎತ್ತಿ ಇಳಿಸಿಕೊಂಡರು, ಗಂಗಾರಾಮ ಇಳಿದ. ಆಗ ರಾವಸಾಹೇಬರು ಕೊಡೆಯನ್ನು ಅಡ್ಡ ಹಿಡಿದರು.

"ಕಾಯಿಲಿ ತಂದಿ, ಹೋಗ್ಲಿ. ಆದ್ರ ಅಕಿ ಕೈ ಹಿಡದ ಈ ದಿಬ್ಬದ ಮ್ಯಾಲ ಕಾಲಿಟ್ಟಂದ್ರ ನಮ್ಮನಿ ಬಾಗಲ ನಿನಗ ಮುಚ್ಚೇತಿ."

ಮುರಗೆಪ್ಪ ತಾರವ್ವನ ಕಡೆ ಕೈ ಚಾಚಿದ. ಅವಳು ಕೂಡಲೇ ಹಿಡಿಯಲಿಲ್ಲ.

"ವಿಚಾರ ಮಾಡ್ರಿ. ನಮ್ಮನಿ ನೀರಾಗ ಐತಿ, ನಿಮ್ಮನಿ ಬಾಗಲ ಮುಚ್ಚಾಕತ್ತಾರ. ಇರೋದೆಲ್ಲಿ?"

"ನೀ ಎಲ್ಲಿ ಅಂತೀದಿ ಅಲ್ಲಿ."

ಅವಳು ಕೈ ಹಿಡಿದಳು. ಊರು ನೋಡುತ್ತಿರಲು ಇಬ್ಬರೂ ಒಟ್ಟಿಗೆ ಇಳಿದರು. ತಾರವ್ವ ತಲೆ ಮೇಲೆ ಸೆರಗು ಎಳೆದುಕೊಂಡು ನೆಟ್ಟಗೆ ರಾವಸಾಹೇಬರ ಎದುರು ಹೋಗಿ ನಿಂತಳು.

"ಮಾವಾರ, ಕೆಳಗ ಇನ್ನಾ ಆರು ಮನಿ ಮಂದಿ ಸಿಕ್ಕೊಂಡಾರ. ನಾವು ಹೊಳ್ಳಿ ಹೊಂಟೀವಿ. ಬಂದ ಮ್ಯಾಲ ಬೈರಿ."

ರಾವಸಾಹೇಬರ ಕೊಡೆ ತಾನಾಗಿ ಕೆಳಗಿಳಿಯಿತು. ಬಾಯಿಂದ ಮಾತು ಹೊರಡುವ ಮೊದಲೇ ಅವರಿಬ್ಬರೂ ಕಾಯಿಲಿ ಹತ್ತಿಯಾಗಿತ್ತು.

"ಗಳಾ ಹಾಕಾಕ ಎರಡೂ ಕೈ ಬೇಕ. ಬಿಡು ತಾರಾ," ಎಂದ ಮುರಗೆಪ್ಪ ನಗುತ್ತ.

"ಬಿಡಂಗಿಲ್ಲ. ಒಂದು ನಿಮ್ಮದು, ಒಂದು ನಂದು," ಎಂದಳು ತಾರವ್ವ. ಇಬ್ಬರೂ ಕೂಡಿ ಗಳ ಊರಿ ಕಾಯಿಲಿಯನ್ನು ಹೊಳೆಗೆ ನೂಕಿದರು.